ಸಣ್ಣ ಸ್ಯಾಂಡರ್: ಹಳೇದು ಸಾಕೋ, ಹೊಸದು ಬೇಕೋ?

ಮೈಸೂರಿನ ಚಾಮರಾಜಪುರಂನಲ್ಲಿ ಹಳೇ ಮನೆಯೊಂದನ್ನು ಕೆಡವಿದರೆ ಅದರ ತೇಗದ ಬಾಗಿಲು, ಕಿಟಕಿಗಳು ಹೆಚ್ಚು ದಿನ ಅಲ್ಲೇ ಬಿದ್ದಿರುವುದಿಲ್ಲ. ಎಷ್ಟೋ ಬಾಗಿಲು ನಂಜನಗೂಡು, ತಿ. ನರಸೀಪುರ ಕಡೆಯ ತೋಟದ ಮನೆಗೆ, ಕೊಟ್ಟಿಗೆಗೆ, ಪಂಪ್‌ಸೆಟ್ ಮನೆಗೆ ಹೋಗಿ ಸೇರುತ್ತವೆ. ಮರ ಗಟ್ಟಿ, ಬೆಲೆಯೂ ಹೊಸದಕ್ಕಿಂತ ಕಡಿಮೆ. ಆಮೇಲೆ ಬರುವುದು ಉಜ್ಜುವ ಕೆಲಸ. ಈ ಬಡಾವಣೆಯಲ್ಲೇ ಇರುವ ನನಗೆ ಊರ ಕಡೆಯಿಂದ ಬರುವ ಫೋನು ಹೆಚ್ಚುಕಮ್ಮಿ ಒಂದೇ ಥರ: "ಮಾವ, ಉಜ್ಜೋ ಮಿಷನ್ನು ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. ತಗೊಳ್ಲಾ, ಇಲ್ಲಾ ಹೊಸ ಮಾಡೆಲ್ಲೇ ತರ್ಲಾ?"

ನಾನು ಹೇಳುವುದಿಷ್ಟು. ಮಿಷನ್ನಿನ ವಯಸ್ಸಿಗಿಂತ ಮುಖ್ಯವಾದ ಮೂರು ವಿಷಯ ಇವೆ: ಧೂಳು ಎಲ್ಲಿಗೆ ಹೋಗುತ್ತದೆ, ಅದಕ್ಕೆ ಹಾಕುವ ಉಪ್ಪು ಕಾಗದ ನಿಮ್ಮ ಊರಲ್ಲಿ ಸಿಗುತ್ತದೆಯೇ, ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ. ಇವೆಲ್ಲಕ್ಕೂ ಮೊದಲು ನೋಡಬೇಕಾದ್ದು ಬಾಗಿಲ ಮೇಲಿರುವ ಬಣ್ಣ ಯಾವ ಕಾಲದ್ದು ಅಂತ. ಕೆಲವು ಬಾಗಿಲಿಗೆ ಹಳೇ ಮಿಷನ್ನೂ ಬೇಡ, ಹೊಸದೂ ಬೇಡ.

ಎರಡು ಬಗೆ

ಅಂಗಡಿಯಲ್ಲಿ ಎರಡು ಬಗೆಯ ಸಣ್ಣ ಸ್ಯಾಂಡರ್ ಕಾಣುತ್ತವೆ. ಒಂದಕ್ಕೆ ಚೌಕ ತಳ. ಇದು ಆರ್ಬಿಟಲ್ ಸ್ಯಾಂಡರ್. ತಳ ತಿರುಗುವುದಿಲ್ಲ, ಒಂದೆರಡು ಮಿಲಿಮೀಟರಿನಷ್ಟು ಸಣ್ಣ ಸುತ್ತಿನಲ್ಲಿ ಜೋರಾಗಿ ಅಲುಗಾಡುತ್ತದೆ. ಮೂಲೆಗೆ, ಚೌಕಟ್ಟಿನ ಅಂಚಿಗೆ ಚೆನ್ನಾಗಿ ಹೋಗುತ್ತದೆ. ಇನ್ನೊಂದಕ್ಕೆ ದುಂಡನೆ ತಳ, ಸಾಮಾನ್ಯವಾಗಿ 125 ಮಿಲಿಮೀಟರ್. ಇದು ರ‍್ಯಾಂಡಮ್ ಆರ್ಬಿಟಲ್. ಅಲುಗಾಟದ ಜೊತೆಗೆ ತಳವೂ ತಿರುಗುವುದರಿಂದ ಬೇಗ ಕೆರೆಯುತ್ತದೆ, ಗೆರೆ ಕಡಿಮೆ. ಆದರೆ ಮೂಲೆಗೆ ಹೋಗುವುದಿಲ್ಲ.

ಚೌಕ ತಳದ್ದರಲ್ಲಿ ಮಕೀಟಾ ಬಿಒ 4556 ಅನ್ನುವುದು 200 ವ್ಯಾಟ್, ನಿಮಿಷಕ್ಕೆ 14,000 ಸುತ್ತು. ದುಂಡು ತಳದ್ದರಲ್ಲಿ ಬಾಷ್ ಜಿಇಎಕ್ಸ್ 125-1 ಎಇ ಅನ್ನುವುದು 250 ವ್ಯಾಟ್, ವೇಗವನ್ನು 7,500ರಿಂದ 12,000ದವರೆಗೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಇವನ್ನೇ ಕೊಳ್ಳಿ ಅಂತಲ್ಲ, ಅಳತೆಗೊಂದು ಅಂದಾಜಿರಲಿ ಅಂತ ಹೇಳಿದೆ. ಎರಡೂ ಮನೆಯ ಸಾಮಾನ್ಯ ಪ್ಲಗ್ಗಿನಲ್ಲೇ ನಡೆಯುತ್ತವೆ.

ಹಳೇ ಮಾಡೆಲ್‌ನ ಅನುಕೂಲ

ಹಳೇ ಚೌಕ ಸ್ಯಾಂಡರಿಗೆ ಎರಡು ತುದಿಯಲ್ಲೂ ಕ್ಲಿಪ್ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 9 ಇಂಚು, 11 ಇಂಚಿನ ಉಪ್ಪು ಕಾಗದವನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗ ಒಂದು ಸಲಕ್ಕೆ ಸರಿಹೋಗುತ್ತದೆ. ಹೋಬಳಿ ಊರಿನ ಅಂಗಡಿಯಲ್ಲೂ ಇದು ಸಿಗುತ್ತದೆ. ಒಳಗೆ ಇರುವುದು ಮೋಟಾರು, ಎರಡು ಕಾರ್ಬನ್ ಬ್ರಷ್, ಬೇರಿಂಗು, ಸ್ವಿಚ್ಚು. ಮಿಕ್ಸಿ, ಡ್ರಿಲ್ ರಿಪೇರಿ ಮಾಡುವವರೇ ಇದನ್ನೂ ಬಿಚ್ಚಿ ಸರಿ ಮಾಡುತ್ತಾರೆ.

ಕೊರತೆ ಇರುವುದು ಧೂಳಿನಲ್ಲಿ. ತುಂಬಾ ಹಳೇ ಮಾಡೆಲ್‌ಗಳ ತಳದಲ್ಲಿ ತೂತೇ ಇರುವುದಿಲ್ಲ. ಉಜ್ಜಿದ ಪುಡಿಯೆಲ್ಲ ಗಾಳಿಗೆ, ಅಲ್ಲಿಂದ ನಿಮ್ಮ ಮೂಗಿಗೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಟವೆಲ್ ಕಟ್ಟಿಕೊಂಡರೆ ದಪ್ಪ ಪುಡಿ ನಿಲ್ಲುತ್ತದೆ, ನುಣ್ಣನೆ ಧೂಳು ನಿಲ್ಲುವುದಿಲ್ಲ. ಎಫ್‌ಎಫ್‌ಪಿ 2 ಅಥವಾ ಎನ್ 95 ಮಾಸ್ಕ್ ಹಾಕಿ.

ಹೊಸದರಲ್ಲಿ ಏನು ಹೆಚ್ಚು?

ಹೊಸ ಮಾಡೆಲ್‌ಗಳ ತಳದಲ್ಲಿ ತೂತು, ಹಿಂದೆ ಧೂಳಿನ ಚೀಲ ಅಥವಾ ಡಬ್ಬಿ. ವ್ಯಾಕ್ಯೂಮ್ ಕ್ಲೀನರ್ ಪೈಪು ಜೋಡಿಸುವಂಥವೂ ಇವೆ. ಧೂಳು ಹೊರಗೆ ಹೋದಷ್ಟೂ ಕಾಗದದ ಸಂದು ತುಂಬಿಕೊಳ್ಳುವುದಿಲ್ಲ, ಹಾಗಾಗಿ ಕಾಗದವೂ ಹೆಚ್ಚು ಬಾಳುತ್ತದೆ. ಬಹಳ ಮಾಡೆಲ್‌ಗಳಲ್ಲಿ ಕೈಗೆ ನಡುಕ ಕಡಿಮೆ. ಅರ್ಧ ಗಂಟೆ ಹಳೇ ಮಿಷನ್ ಹಿಡಿದು ಬೆರಳು ಜೋಮು ಹಿಡಿದವರಿಗೆ ಇದರ ಬೆಲೆ ಗೊತ್ತು.

ತೊಂದರೆಯೂ ಇದೆ. ದುಂಡು ತಳಕ್ಕೆ ವೆಲ್ಕ್ರೋ ಡಿಸ್ಕೇ ಬೇಕು, ತೂತಿನ ಲೆಕ್ಕವೂ ಹೊಂದಬೇಕು. ಸಣ್ಣ ಊರಲ್ಲಿ ಸಿಗದಿದ್ದರೆ ಕೆಲಸ ನಿಂತಿತು. ಪೇಟೆಗೆ ಬಂದಾಗ 80, 120, 180 ನಂಬರಿನವು ಹತ್ತತ್ತು ತಂದಿಟ್ಟುಕೊಳ್ಳಿ. ತಳವನ್ನು ಒತ್ತಿ ಉಜ್ಜಿದರೆ ಬಿಸಿಗೆ ವೆಲ್ಕ್ರೋ ಸವೆದು ಡಿಸ್ಕ್ ಹಾರುತ್ತದೆ. ಮಿಷನ್ನಿನ ಭಾರವೇ ಸಾಕು, ಕೈ ಬರೀ ದಾರಿ ತೋರಿಸಲಿ.

ಬ್ಯಾಟರಿಯವೂ ಬಂದಿವೆ. ಅದೇ ಕಂಪನಿಯ ಡ್ರಿಲ್ಲೋ ಬೇರೆ ಮಿಷನ್ನೋ ನಿಮ್ಮಲ್ಲಿದ್ದು ಬ್ಯಾಟರಿ ಹೊಂದುವುದಾದರೆ ಯೋಚಿಸಿ. ಸ್ಯಾಂಡರ್ ಒಂದೇ ಸಮನೆ ಓಡುವ ಮಿಷನ್, ಬ್ಯಾಟರಿ ಬೇಗ ಮುಗಿಯುತ್ತದೆ. ವರ್ಷಕ್ಕೆ ನಾಲ್ಕು ಬಾಗಿಲು ಉಜ್ಜುವವರಿಗೆ ವೈರಿನದೇ ವಾಸಿ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಮೊದಲು ತಗಡಿನ ಪಟ್ಟಿ ಓದಿ. 220ರಿಂದ 240 ವೋಲ್ಟ್, 50 ಹರ್ಟ್ಸ್ ಅಂತ ಇರಬೇಕು. ಅಮೆರಿಕದಿಂದ ಮಕ್ಕಳು ತಂದುಕೊಟ್ಟದ್ದು 120 ವೋಲ್ಟಿನದು. ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ. ಪಟ್ಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತಿದ್ದರೆ ಎರಡು ಪಿನ್ನಿನ ಪ್ಲಗ್ ಸಾಕು. ಆ ಗುರುತಿಲ್ಲದ ಲೋಹದ ಮೈಯ ಮಿಷನ್ನಿಗೆ ಅರ್ಥ್ ಇರುವ ಮೂರು ಪಿನ್ ಬೇಕೇ ಬೇಕು.

ಆಮೇಲೆ ಎರಡು ನಿಮಿಷ ಓಡಿಸಿ. ಕಿರ್ರೆನ್ನುವ ಸದ್ದು ಬೇರಿಂಗಿನದು, ಅದನ್ನು ಬದಲಿಸಬಹುದು. ಗಾಳಿಯ ಸಂದಿನಲ್ಲಿ ದೊಡ್ಡ ಕಿಡಿ, ಸುಟ್ಟ ವಾಸನೆ ಇದ್ದರೆ ಆರ್ಮೇಚರ್ ಹೋಗಿರಬಹುದು, ಬಿಟ್ಟುಬಿಡಿ. ಪ್ಲಗ್ ತೆಗೆದು ಬ್ರಷ್ ನೋಡಿ. ಸವೆದು ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ತಳದ ರಬ್ಬರು ಹರಿದಿದ್ದರೆ, ಆ ಮಾಡೆಲ್‌ನ ತಳ ಸಿಗುತ್ತದೆಯೇ ಅಂತ ಅಂಗಡಿಯಲ್ಲಿ ಕೇಳಿಯೇ ದುಡ್ಡು ಕೊಡಿ.

ಹಳೇ ಬಣ್ಣದ ಬಾಗಿಲು: ಇಲ್ಲಿ ಜೋಪಾನ

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಹೆಚ್ಚಿರಬಹುದು. ಹಳೇ ಮನೆಯ ಬಾಗಿಲ ಮೇಲೆ ಪದರದ ಮೇಲೆ ಪದರ ಅಂಥ ಬಣ್ಣವೇ ಕೂತಿರುತ್ತದೆ. ಖಾತ್ರಿ ಇಲ್ಲದಿದ್ದರೆ ಸೀಸ ಇದೆ ಅಂತಲೇ ತಿಳಿಯಿರಿ.

ಕಣ್ಣಿಗೆ ಕಾಣದ ಆ ಪುಡಿ ಮಕ್ಕಳ ಮಿದುಳಿಗೆ ಪೆಟ್ಟು. ಇಷ್ಟಾದರೆ ಅಪಾಯವಿಲ್ಲ ಅನ್ನುವಂಥ ಪ್ರಮಾಣವೇ ಸೀಸಕ್ಕಿಲ್ಲ. ದನಕರುಗಳಿಗೂ ಹಾಗೆಯೇ. ಕರುಗಳಿಗೆ ಬಾಗಿಲು, ಕಂಬ ನೆಕ್ಕುವ ಚಾಳಿ. ಸೀಸ ಹೊಟ್ಟೆಗೆ ಹೋದ ಕರು ಕಣ್ಣು ಕಾಣದ ಹಾಗೆ ತಡಕಾಡುತ್ತದೆ, ಹಲ್ಲು ಕಡಿಯುತ್ತದೆ, ತೂರಾಡಿ ಬಿದ್ದು ಒದ್ದಾಡುತ್ತದೆ. ಹಸುವಿನ ಮೈಗೆ ಸೇರಿದ ಸೀಸ ಹಾಲಿಗೂ ಬರುತ್ತದೆ. ಇಂಥ ಲಕ್ಷಣ ಕಂಡರೆ ಪಶುವೈದ್ಯರಿಗೆ "ಮನೆಯಲ್ಲಿ ಹಳೇ ಬಣ್ಣ ಉಜ್ಜಿದ್ದೆವು" ಅಂತ ತಪ್ಪದೆ ಹೇಳಿ.

ಸ್ಯಾಂಡರಿನ ಬಟ್ಟೆ ಚೀಲ ಸೀಸದ ನುಣ್ಣನೆ ಧೂಳನ್ನು ತಡೆಯುವುದಿಲ್ಲ, ಮಿಷನ್ ಎಷ್ಟೇ ಹೊಸದಿರಲಿ. ಹೀಗೆ ಮಾಡಿ:

- ಬಣ್ಣ ಎದ್ದಿಲ್ಲದಿದ್ದರೆ, ಕರು ನೆಕ್ಕದ ಜಾಗದಲ್ಲಿ, ಅದರ ಮೇಲೇ ಹೊಸ ಬಣ್ಣ ಬಳಿಯುವುದು ಎಲ್ಲಕ್ಕಿಂತ ಸುಲಭ.
- ತೆಗೆಯಲೇಬೇಕಾದರೆ ಮಿಷನ್ ಬದಿಗಿಡಿ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿರಿ, ವಾಟರ್ ಪೇಪರಿನಿಂದ ಕೈಯಲ್ಲೇ ಉಜ್ಜಿ. ಒದ್ದೆ ಮರಕ್ಕೆ ಕರೆಂಟಿನ ಸ್ಯಾಂಡರ್ ತಾಗಿಸಿದರೆ ಶಾಕ್ ಹೊಡೆಯುವ ಅಪಾಯ.
- ಕೊಟ್ಟಿಗೆ, ಮೇವಿನ ಬಣವೆ, ಬಾವಿ, ತೊಟ್ಟಿಯಿಂದ ದೂರ ಮಾಡಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಪುಡಿಯನ್ನು ಅದರಲ್ಲೇ ಸುತ್ತಿ ಬಿಗಿಯಾಗಿ ಕಟ್ಟಿ. ತಿಪ್ಪೆಗೆ ಹಾಕಬೇಡಿ.
- ಬಣ್ಣವನ್ನು ಬೆಂಕಿಯಿಂದ ಸುಡಬೇಡಿ. ಬಣ್ಣದ ಮರದ ಚೂರನ್ನು ಬಚ್ಚಲ ಒಲೆಗೂ ಹಾಕಬೇಡಿ. ಹೊಗೆಯಲ್ಲೂ ಸೀಸ, ಬೂದಿಯಲ್ಲೂ ಸೀಸ. ಆ ಬೂದಿ ಗೊಬ್ಬರದ ಗುಂಡಿ ಸೇರಿದರೆ ಹೊಲದ ಮಣ್ಣಿಗೂ ಹೋಯಿತು.
- ಅಂಥ ಹಲಗೆಯಿಂದ ಜೇನುಪೆಟ್ಟಿಗೆ, ಮೇವಿನ ಗೋದಲಿ, ಕಾಳಿನ ಪೆಟ್ಟಿಗೆ ಮಾಡಲೇಬೇಡಿ.

ಯಾರಿಗೆ ಯಾವುದು

ಬಣ್ಣವಿಲ್ಲದ ಹೊಸ ಮರ, ಜೇನುಪೆಟ್ಟಿಗೆಯ ಹೊರಮೈ, ಆಗೊಮ್ಮೆ ಈಗೊಮ್ಮೆ ಒಂದು ಕಿಟಕಿ, ಇಷ್ಟೇ ಕೆಲಸವಾದರೆ ಸುಸ್ಥಿತಿಯ ಹಳೇ ಚೌಕ ಸ್ಯಾಂಡರ್ ಸಾಕು. ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು ಮಾಡಿ. ಜೇನುಪೆಟ್ಟಿಗೆಯ ಒಳಮೈ ಉಜ್ಜುವುದೂ ಬೇಡ, ಬಣ್ಣವೂ ಬೇಡ. ಹುಳುಗಳೇ ಅದನ್ನು ತಮಗೆ ಬೇಕಾದಂತೆ ಮೆತ್ತಿಕೊಳ್ಳುತ್ತವೆ. ಗುದ್ದಲಿ, ಪಿಕಾಸಿ ಕಾವಿಗೆ ಎರಡೂ ಮಿಷನ್ ಒಗ್ಗುವುದಿಲ್ಲ. ಉಪ್ಪು ಕಾಗದವನ್ನು ಉದ್ದಕ್ಕೆ ಸೀಳಿ, ಕಾವಿಗೆ ಸುತ್ತಿ ಎರಡೂ ಕೈಯಲ್ಲಿ ಎಳೆದರೆ ಮಿಷನ್ನಿಗಿಂತ ಚೆನ್ನಾಗಿ ಬರುತ್ತದೆ.

ವಾರಗಟ್ಟಲೆ ಉಜ್ಜುವವರು, ಜೇನುಪೆಟ್ಟಿಗೆ ಮಾಡಿ ಮಾರುವವರು, ದಮ್ಮು ಇರುವವರು ಧೂಳು ಹಿಡಿಯುವ ಹೊಸ ಮಾಡೆಲ್ಲನ್ನೇ ಕೊಳ್ಳಿ. ಅಲ್ಲಿ ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಬಾಗಿಲಿನ್ನೂ ಕೊಂಡಿಲ್ಲವಾದರೆ, ಮಾರುವವರ ಒಪ್ಪಿಗೆ ಕೇಳಿ ಬಣ್ಣದ ಅಂಚನ್ನು ಚಾಕುವಿನಿಂದ ಸ್ವಲ್ಪವೇ ಕೆರೆದು ನೋಡಿ. ಕೆಳಗೆ ನಾಲ್ಕೈದು ಬಣ್ಣದ ಪದರ ಕಂಡರೆ, ಒದ್ದೆ ಮಾಡಿ ಉಜ್ಜುವ ಕೂಲಿಯನ್ನೂ ಬಾಗಿಲಿನ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.