ನೀಲಿಯೋ, ಕೆಂಪೋ?

ಫೋರ್ಟ್ ವಿಲಿಯಂ ಪಟ್ಟಣಕ್ಕೆ ಅನತಿದೂರದಲ್ಲಿ, ಅನಾಖ್ ಮೋರ್ ಎಂಬ 1221 ಮೀಟರ್ ಎತ್ತರದ ಪರ್ವತದ ತಪ್ಪಲಿನಲ್ಲಿ, ಬಾಡಿಗೆಗೆ ಪಡೆದ ಮೌಂಟನ್ ಬೈಕಿನ ಹ್ಯಾಂಡಲನ್ನು ಹಿಡಿದುಕೊಂಡು, ಐವತ್ತಾರು ವರ್ಷ ಸವೆದ ಮೊಣಕಾಲುಗಳ ಮೇಲೆ ಎಷ್ಟು ಭರವಸೆಯಿಡಬಹುದೆಂದು ಲೆಕ್ಕಹಾಕುತ್ತ ನಾನು ನಿಂತಿದ್ದಾಗ, ಜೊತೆಗಿದ್ದ ಗೆಳೆಯರ ಮಗ ಕೇಳಿದ ಪ್ರಶ್ನೆ ಎರಡೇ ಮಾತಿನದು: ‘ನೀಲಿಯೋ, ಕೆಂಪೋ?’ ಸ್ಕಾಟ್ಲೆಂಡಿನ ಹೈಲೆಂಡ್ಸ್ ಎಂಬ ಮಲೆಸೀಮೆಯಲ್ಲಿ ಸೈಕಲ್ಲಿನ ಹಾದಿಯನ್ನಾರಿಸುವ ಕಾರ್ಯ ಸಾಮಾನ್ಯವಾಗಿ ಈ ಪ್ರಶ್ನೆಯಿಂದಲೇ ಪ್ರಾರಂಭವಾಗುತ್ತದೆ. ಅದು ಅಲ್ಲಿಗೇ ಮುಗಿಯತಕ್ಕುದಲ್ಲವೆಂಬುದನ್ನು ತಿಳಿಯಲು ನನಗೆ ಒಂದು ವಾರವೂ, ಒಂದು ಟ್ಯೂಬೂ, ಮೊಣಕೈಯ ಸ್ವಲ್ಪ ಚರ್ಮವೂ ವೆಚ್ಚವಾದವು.

ಬ್ರಿಟನ್ನಿನಲ್ಲಿ ಸೈಕಲ್ಲಿಗಾಗಿಯೇ ಕಟ್ಟಿದ ಟ್ರೇಲುಗಳಿಗೆ ಬಣ್ಣದ ದರ್ಜೆಯುಂಟು. ಹಸಿರು, ಮಕ್ಕಳಿಗೂ ಹೊಸಬರಿಗೂ. ನೀಲಿ, ತಕ್ಕಮಟ್ಟಿಗೆ ಪಳಗಿದವರಿಗೆ. ಕೆಂಪು, ಕಲ್ಲು ಬೇರುಗಳನ್ನು ಕಂಡು ಬ್ರೇಕನ್ನು ಗಟ್ಟಿಯಾಗಿ ಅದುಮಿಬಿಡದವರಿಗೆ. ಕಪ್ಪು, ಬಿದ್ದರೂ ಎದ್ದೇನೆಂಬ ನಂಬಿಕೆಯುಳ್ಳವರಿಗೆ. ಇವಲ್ಲದೆ ಕಿತ್ತಳೆ ಬಣ್ಣವೊಂದುಂಟು. ಅದು ಜಿಗಿತಗಳಿಗೂ ವಾಲುತಿರುವುಗಳಿಗೂ ಮೀಸಲಾದ ಬೈಕ್ ಪಾರ್ಕುಗಳದು. ವ್ಯವಸ್ಥೆ ಸ್ಪಷ್ಟವಾಗಿಯೇ ಇದೆ. ಆದರೆ ಫಲಕದ ಬಣ್ಣ ಹೇಳುವುದು ಹಾದಿಯ ಸ್ವಭಾವವನ್ನೇ ಹೊರತು ಅದರ ಅಂದಿನ ಮನೋಧರ್ಮವನ್ನಲ್ಲ. ಆಗುಂಬೆಯ ಮಳೆಯನ್ನು ಕಂಡ ಕಣ್ಣಿಗೆ, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿರುವ ಫೋರ್ಟ್ ವಿಲಿಯಮ್ಮಿನ ಮಳೆ ದೊಡ್ಡದೆನಿಸಲಾರದು; ಆದರೂ ನಮ್ಮ ಮಳೆಗೆ ಬರುವುದಕ್ಕೂ ಹೋಗುವುದಕ್ಕೂ ಒಂದು ಕಾಲವಿದೆ, ಅಲ್ಲಿಯದಕ್ಕೆ ಅಂಥ ಮರ್ಯಾದೆಯಿಲ್ಲ. ಬೆಳಿಗ್ಗೆ ಒಣಗಿದ್ದ ನೀಲಿ ಹಾದಿ ಮಧ್ಯಾಹ್ನಕ್ಕೆ ಬೇರುಗಳೆಲ್ಲ ಸಾಬೂನಿನಂತಾಗಿ ಕೆಂಪಿನ ವೇಷ ಹಾಕಿರುತ್ತದೆ. ಅದೂ ಅಲ್ಲದೆ ಒಂದೆಡೆಯ ಕೆಂಪು ಮತ್ತೊಂದೆಡೆಯ ಕೆಂಪಿಗೆ ಸಮವೆಂದು ನಂಬುವುದು, ಒಂದೂರಿನ ಸೇರನ್ನು ಇನ್ನೊಂದೂರಿನ ಪಾವಿನಿಂದ ಅಳೆದಂತೆ.

ಅನಾಖ್ ಮೋರಿನ ಗೊಂಡೊಲವನ್ನು, ಎಂದರೆ ತಂತಿಹಗ್ಗದ ಮೇಲೆ ಸಾಗುವ ತೊಟ್ಟಿಲುಗಳ ಸಾಲನ್ನು, ಹಿಮಜಾರಾಟದ ಅನುಕೂಲಕ್ಕಾಗಿ 1989ರಲ್ಲಿ ಹಾಕಿದರು. ಬೇಸಗೆಯಲ್ಲಿ ಅದು ಸೈಕಲ್ಲುಗಳನ್ನು ಸುಮಾರು 650 ಮೀಟರ್ ಎತ್ತರಕ್ಕೆ ಹೊತ್ತೊಯ್ಯುತ್ತದೆ. ಅಲ್ಲಿಂದ ಇಳಿಯುವ ಡೌನ್‌ಹಿಲ್ ಹಾದಿಗೆ ವಿಶ್ವಕಪ್ ಸ್ಪರ್ಧೆ 2002ರಲ್ಲಿ ಬಂದಿತು. 2007ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ವಿಶ್ವ ಚಾಂಪಿಯನ್‌ಷಿಪ್ ಕೂಡ ಅಲ್ಲಿಯೇ ನಡೆಯಿತು. ಮೂರು ಕಿಲೋಮೀಟರಿಗೆ ಕೊಂಚ ಕಡಿಮೆ ಉದ್ದ, ಐನೂರು ಮೀಟರಿಗೆ ಮಿಕ್ಕ ಇಳಿತ. ಜೌಗುಬಯಲ ಬಂಡೆಗಳ ಮೇಲೆ ಆರಂಭವಾಗಿ, ಕಾಡನ್ನು ಹೊಕ್ಕು, ಕೊನೆಗೆ ‘ಮೋಟರ್‌ವೇ’ ಎಂದು ಸವಾರರು ಕರೆಯುವ ಭಾರಿ ಜಿಗಿತಗಳ ಸಾಲಿನಲ್ಲಿ ಮುಗಿಯುವ ಈ ಹಾದಿಯನ್ನು ನಿಪುಣರು ಐದು ನಿಮಿಷದೊಳಗೆ ಮುಗಿಸುತ್ತಾರೆ. ಸೆಕೆಂಡಿನ ಹತ್ತನೆಯ ಭಾಗದಲ್ಲಿ ಸೋಲುಗೆಲುವುಗಳು ನಿರ್ಣಯವಾಗುವ ಈ ಕ್ರೀಡೆಯಲ್ಲಿ, 2002ರ ಆ ಮೊದಲ ಸ್ಪರ್ಧೆಯನ್ನು ಆಸ್ಟ್ರೇಲಿಯದ ಕ್ರಿಸ್ ಕೊವಾರಿಕ್ ಹದಿನಾಲ್ಕು ಸೆಕೆಂಡಿಗೂ ಮಿಕ್ಕ ಅಂತರದಿಂದ ಗೆದ್ದುದನ್ನು ಬಲ್ಲವರು ಇಂದಿಗೂ ದಂತಕಥೆಯಂತೆ ಹೇಳುತ್ತಾರೆ. ಪ್ರವಾಸಿಯನ್ನು ಕೆಡಿಸುವುದು ಇಂಥ ಕೀರ್ತಿಯೇ. ಹೆಸರಾಂತ ಹಾದಿಯಲ್ಲಿ ಇಳಿದೆನೆಂದು ಮನೆಯಲ್ಲಿ ಹೇಳಿಕೊಳ್ಳುವ ಆಸೆಯಿಂದ ಅದನ್ನಾರಿಸುವುದು, ಜೋಗದ ಜಲಪಾತ ಪ್ರಸಿದ್ಧವೆಂಬ ಕಾರಣಕ್ಕೆ ಅದರಲ್ಲಿ ಸ್ನಾನಕ್ಕಿಳಿದಷ್ಟೇ ವಿವೇಕದ ಕೆಲಸ. ಅದೇ ಪರ್ವತದಲ್ಲಿ ಬ್ಲೂ ಆ್ಯಡರ್ ಎಂಬ ನೀಲಿ ದರ್ಜೆಯ ಟ್ರೇಲೂ ಇದೆ; ಆ್ಯಡರ್ ಎಂದರೆ ಬ್ರಿಟನ್ನಿನ ಏಕಮಾತ್ರ ವಿಷಸರ್ಪ. ಹೆಸರಿಗೆ ತಕ್ಕಂತೆ ಹೊರಳಿ ಹೊರಳಿ ಇಳಿಯುವ ಆ ಹಾದಿಯೇ ನನ್ನ ಉತ್ತರವಾಯಿತು. ಹುಡುಗನ ಮುಖ ಸಣ್ಣದಾಯಿತು; ನನ್ನ ಮೂಳೆಗಳು ನಿಟ್ಟುಸಿರುಬಿಟ್ಟವು.

ಅಲ್ಲಿಂದ ಈಶಾನ್ಯಕ್ಕೆ ಲಗ್ಗನ್ ಬಳಿಯ ವುಲ್ಫ್‌ಟ್ರ್ಯಾಕ್ಸ್ ಬಂಡೆಯನ್ನೇ ನಂಬಿಕೊಂಡ ಕೇಂದ್ರ. ಅಲ್ಲಿಯ ಕಪ್ಪು ಹಾದಿಯಲ್ಲಿರುವ ಏರ್ಸ್ ರಾಕ್ ಎಂಬ ಹಾಸುಬಂಡೆಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಇಳಿದವರನ್ನೂ ಇಳಿಯಲಾರದೆ ಹಿಂದಿರುಗಿದವರನ್ನೂ ನೋಡಿದೆನೆಂಬುದಷ್ಟೇ ಆ ಸ್ಥಳದ ಬಗೆಗೆ ನಾನು ಪ್ರಾಮಾಣಿಕವಾಗಿ ಹೇಳಬಹುದಾದುದು.

ಕಟ್ಟಿದ ಹಾದಿಗಳಲ್ಲಿ ಒಂದು ಸೌಖ್ಯವಿದೆ: ನಮಗಿಂತ ಮೊದಲೇ ಯಾರೋ ಒಬ್ಬರು ಆ ನೆಲದ ಮೇಲೆ ನಿಂತು, ತಿರುವು ಎಲ್ಲಿರಬೇಕು, ನೀರು ಎತ್ತ ಹರಿಯಬೇಕು ಎಂದು ಯೋಚಿಸಿರುತ್ತಾರೆ. ಆದರೆ ಹೈಲೆಂಡ್ಸಿನ ವೈಶಿಷ್ಟ್ಯವಿರುವುದು ಫಲಕಗಳು ಮುಗಿಯುವ ಕಡೆಯಲ್ಲಿ. ಸ್ಕಾಟ್ಲೆಂಡಿನ ಪಾರ್ಲಿಮೆಂಟು 2003ರಲ್ಲಿ ಅಂಗೀಕರಿಸಿದ ಭೂಸುಧಾರಣಾ ಕಾಯಿದೆಯು, ನಡೆಯುವವನಿಗೂ ಕುದುರೆಯ ಸವಾರನಿಗೂ ಸೈಕಲ್ಲಿನವನಿಗೂ, ಮನೆಯಂಗಳ ಬೆಳೆನಿಂತ ಹೊಲ ಮೊದಲಾದುವನ್ನು ಬಿಟ್ಟು ನಾಡಿನ ಬಹುಭಾಗದ ನೆಲದ ಮೇಲೆ, ಅದು ಯಾವ ಜಮೀನುದಾರನ ಸ್ವತ್ತೇ ಆಗಿರಲಿ, ಹೊಣೆಯರಿತು ಹಾದುಹೋಗುವ ಹಕ್ಕನ್ನು ಕೊಟ್ಟಿದೆ. ನಮ್ಮಲ್ಲಿ ಭೂಸುಧಾರಣೆಯೆಂದರೆ ಉಳುವವನಿಗೆ ನೆಲವೆಂದು ಅರ್ಥ. ಅಲ್ಲಿಯ ಕಾಯಿದೆಯ ಈ ಭಾಗವನ್ನು ಅಲೆಯುವವನಿಗೆ ಹಾದಿ ಎನ್ನಬಹುದೇನೋ. ನೆರೆಯ ಇಂಗ್ಲೆಂಡಿನಲ್ಲಿ ಕುದುರೆದಾರಿಗಳ ಮೇಲೆ ಸೈಕಲ್ಲಿಗೆ ಹಕ್ಕುಂಟು, ಕಾಲುದಾರಿಗಳ ಮೇಲೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಆ ಭೇದವಿಲ್ಲದಿರುವುದರಿಂದ ಆರಿಸುವ ಭಾರವೆಲ್ಲ ಸವಾರನ ಹೆಗಲಿಗೆ ಬೀಳುತ್ತದೆ. ಹೋಗಬಹುದೇ ಎಂಬುದು ಪ್ರಶ್ನೆಯೇ ಅಲ್ಲ. ಇಂದು, ಈ ಮಳೆಯಲ್ಲಿ, ಈ ಮೊಣಕಾಲುಗಳೊಡನೆ ಹೋಗತಕ್ಕುದೇ ಎಂಬುದು ಪ್ರಶ್ನೆ. ನಕ್ಷೆಯ ಚುಕ್ಕಿಗೆರೆ ದಾರಿಯುಂಟೆಂದು ಹೇಳುತ್ತದೆ, ಅದರ ಮೇಲೆ ಚಕ್ರ ಉರುಳುವುದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಸಮೋನ್ನತಿ ರೇಖೆಗಳು ಒತ್ತೊತ್ತಾದ ಕಡೆ ಸೈಕಲ್ಲು ಹೆಗಲೇರುವುದೆಂದು ತಾನೇ ಊಹಿಸಿಕೊಳ್ಳಬೇಕು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಜಿಂಕೆಬೇಟೆ ನಡೆಯುವ ಬೆಟ್ಟಗಳಲ್ಲಿ ವಿಚಾರಿಸಿಯೇ ಹೊರಡಬೇಕು. ದಾರಿಯಲ್ಲಿ ಕಾಲು ಮುರಿದರೆ ಹೊತ್ತು ತರುವವರು ಸಂಬಳವಿಲ್ಲದ ಸ್ವಯಂಸೇವಕರು, ಅವರೂ ಎಲ್ಲಿಯೋ ಊಟವನ್ನು ಅರ್ಧಕ್ಕೆ ಬಿಟ್ಟು ಬರುವವರು, ಎಂಬುದೂ ನೆನಪಿನಲ್ಲಿರತಕ್ಕ ಸಂಗತಿ.

ಈ ಹಕ್ಕಿನ ಬೆಲೆ ನನಗೆ ಮನದಟ್ಟಾದುದು ಪೂರ್ವದ ಕರಾವಳಿಯ ಗೋಲ್ಸ್‌ಪಿಯಲ್ಲಿ. ಊರ ಹಿಂದಿನ ಬೆನ್ ವ್ರಾಗಿ ಗುಡ್ಡದ ನೆತ್ತಿಯ ಮೇಲೆ ಸದರ್‌ಲೆಂಡಿನ ಮೊದಲ ಡ್ಯೂಕನ ಬೃಹತ್ ಪ್ರತಿಮೆಯಿದೆ, 1837ರಲ್ಲಿ ನಿಲ್ಲಿಸಿದ್ದು. ಈತನ ಮತ್ತು ಈತನ ಪತ್ನಿಯ ಜಮೀನಿನಲ್ಲಿಯೇ 1810ರ ದಶಕದಲ್ಲಿ ಕುರಿಗಳಿಗೆ ಹುಲ್ಲುಗಾವಲಾಗಲೆಂದು ಸಾವಿರಾರು ಒಕ್ಕಲುಗಳನ್ನು ಎಬ್ಬಿಸಿದರು, ಅನೇಕ ಮನೆಗಳಿಗೆ ಬೆಂಕಿಯಿಟ್ಟರು. ಇಂದು ಹೈಲೆಂಡ್ ವೈಲ್ಡ್‌ಕ್ಯಾಟ್ ಎಂಬ ಟ್ರೇಲುಗಳ ಕಪ್ಪು ಹಾದಿ ಆ ನೆತ್ತಿಯ ಬಳಿಯಿಂದ ಹೊರಟು ಸಮುದ್ರದತ್ತ ಇಳಿಯುತ್ತದೆ. ಊರವರು ಪ್ರತಿಮೆಯನ್ನು ‘ಮ್ಯಾನೀ’ ಎನ್ನುತ್ತಾರೆ. ಹದಿನಾರರ ಹುಡುಗಿಯೊಬ್ಬಳು ಕೆಸರುಮೆತ್ತಿದ ಸೈಕಲ್ಲನ್ನು ಡ್ಯೂಕನ ಪೀಠಕ್ಕೆ ಒರಗಿಸಿ, ಬಾಳೆಯ ಹಣ್ಣು ಸುಲಿಯುತ್ತ ಕುಳಿತಿದ್ದಳು.

ಆದರೆ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಪಶ್ಚಿಮದ ಟೊರಿಡನ್ ಸೀಮೆಗೆ. ಆಕ್ನಶೆಲ್ಲಖ್ ಎಂಬಲ್ಲಿ, ಕೈಮಾಡಿದರೆ ಮಾತ್ರ ರೈಲು ನಿಲ್ಲುವ ಸಣ್ಣ ನಿಲ್ದಾಣವಿದೆ; ಅದರ ಹಿಂದಿನಿಂದ ಹತ್ತುವ ದಾರಿ ಪೈನ್ ಮರಗಳನ್ನು ದಾಟಿ, ಕೋರೀ ಲೇರ್ ಎಂಬ ಬೆಟ್ಟದ ಬಟ್ಟಲನ್ನು ಹೊಕ್ಕು, ಕಣಿವೆಬಾಗಿಲುಗಳನ್ನು ಹಾದು, ಲಾಖ್ ಅನ್ ಇಯೋಯಿನ್ ಎಂಬ ಸರೋವರದ ದಂಡೆಯಿಂದ ಕಡಲತೀರದ ಅನ್ನಟ್ ಹಳ್ಳಿಗೆ ಇಳಿಯುತ್ತದೆ. ಇಂಥ ದಾರಿಗಳನ್ನು ವಿಕ್ಟೋರಿಯಾ ರಾಣಿಯ ಕಾಲದ ಜಮೀನುದಾರರು ಜಿಂಕೆಬೇಟೆಗೆಂದು ಮಾಡಿಸಿದರು. ಹೊಡೆದ ಜಿಂಕೆಯನ್ನು ಹೊತ್ತ ತಟ್ಟುಕುದುರೆ ಎಡವದೆ ಇಳಿಯಬೇಕಾದುದರಿಂದ ಇಳಿಜಾರು ಹದವಾಗಿದೆ. ಮಳೆ ಕೊರೆಯಬಾರದೆಂದು ಅಡ್ಡಲಾಗಿ ಕಲ್ಲಿನ ಮೋರಿಗಳನ್ನು ಹಾಸಿದ್ದಾರೆ. ಸೈಕಲ್ಲಿನ ಕನಸನ್ನೂ ಕಾಣದಿದ್ದ ಆ ಕೂಲಿಗಳಿಗಿಂತ ಒಳ್ಳೆಯ ಟ್ರೇಲು ಕಟ್ಟುವವರನ್ನು ನಾನರಿಯೆ. ಕಲ್ಲು ಕೂಡ ಸಾಮಾನ್ಯವಾದುದಲ್ಲ. ನೂರು ಕೋಟಿ ವರ್ಷಗಳ ಹಿಂದಣ ನದಿಗಳು ತಂದು ಸುರಿದ ಮರಳು ಗಟ್ಟಿಯಾಗಿ ಆದ ಕೆಂಗಲ್ಲು, ಮುಟ್ಟಿದರೆ ಹಳೆಯ ಒರಳಿನಂತೆ ಒರಟು, ಒದ್ದೆಯಾದಾಗಲೂ ಟೈರನ್ನು ಕೈಬಿಡದು.

ಹತ್ತುವಾಗ ಮುಕ್ಕಾಲು ಪಾಲು ನಡೆದೆ. ಸೈಕಲ್ಲು ನನ್ನ ಮೇಲೆ ಸವಾರಿ ಮಾಡಿತೆನ್ನುವುದೇ ಸರಿ. ಸರೋವರದ ಬಳಿ ಮೋಡ ಸರಿದು, ನೀರಿನಾಚೆಯ ಬೆಟ್ಟಗಳು ತೊಳೆದಿಟ್ಟಂತೆ ಕಂಡವು. ಇಳಿತದ ಮೊದಲ ಭಾಗ ನಾನು ಹಿಂದೆಂದೂ ಕಾಣದ ಸುಖ: ಹಾಸುಗಲ್ಲಿನ ಮೇಲೆ ಚಕ್ರದ ಗುರುಗುರು, ಪೃಷ್ಠವನ್ನು ಆಸನದ ಹಿಂದಕ್ಕೆ ಚಾಚಿ ಬ್ರೇಕಿನ ಮೇಲೆ ಎರಡೇ ಬೆರಳು, ಕಣ್ಣು ಹತ್ತು ಗಜ ಮುಂದೆ. ಆ ಸುಖದಲ್ಲಿಯೇ ಕಣ್ಣು ಸಮುದ್ರಕ್ಕೆ ಹೋಯಿತು. ಮೋರಿಯ ಆಚೆಯಂಚಿನ ನೆಟ್ಟ ಕಲ್ಲಿಗೆ ಹಿಂದಿನ ಚಕ್ರ ಬಡಿದು, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿತೂತು ಬಿದ್ದಿತು. ಮೊಣಕೈಯ ಚರ್ಮ ಹೋದುದೂ ಅಲ್ಲಿಯೇ. ದೋಷ ಕಲ್ಲಿನದಲ್ಲ, ಅದು ಅಲ್ಲಿಗೆ ನನಗಿಂತ ಮೊದಲು ಬಂದದ್ದು.

ಸಂಜೆ ಎಂಟು ಗಂಟೆಯಾದರೂ ಬೆಳಕು ಧಾರಾಳವಾಗಿತ್ತು, ಆ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು ಹತ್ತರವರೆಗೂ ಎಳೆಯುತ್ತದೆ. ಹೊಸ ಟ್ಯೂಬನ್ನು ಟೈರಿನೊಳಗೆ ತುರುಕಿ, ಕೊನೆಯ ಗೇಣುದ್ದದ ಅಂಚು ರಿಮ್ಮನ್ನು ಏರಲೊಲ್ಲದೆ ಸತಾಯಿಸುತ್ತಿರುವಾಗ, ಅಷ್ಟುಹೊತ್ತು ಕಡಲಿನಿಂದ ಬೀಸುತ್ತಿದ್ದ ಗಾಳಿ ಒಮ್ಮೆಗೇ ನಿಂತಿತು. ಹುಡುಗ ನಿಟ್ಟುಸಿರಿಟ್ಟು, ‘ಬಂತು’ ಎಂದ. ಏನೆಂದು ಕೇಳುವಷ್ಟರಲ್ಲಿ ಕಿವಿಯ ಹಿಂದೆ, ಹುಬ್ಬಿನಲ್ಲಿ, ಸುಲಿದ ಮೊಣಕೈಯ ಮೇಲೆ ಸಾಸಿವೆಗಿಂತ ಸಣ್ಣವಾದ ಮಿಜ್ ನೊಣಗಳು ಮುತ್ತಿಕೊಂಡವು. ಮಲೆನಾಡಿನ ಇಂಬಳ ಸುಣ್ಣಕ್ಕಾದರೂ ಬಿಡುತ್ತದೆ. ಇವು ಗಾಳಿಗಲ್ಲದೆ ಬೇರಾವುದಕ್ಕೂ ಅಂಜುವುದಿಲ್ಲ. ಟೈರನ್ನು ಹಲ್ಲು ಕಚ್ಚಿ ಒಳಕ್ಕೆ ತಳ್ಳಿ, ಅರ್ಧ ಗಾಳಿ ತುಂಬಿದ ಚಕ್ರದಲ್ಲಿಯೇ, ಮಿಕ್ಕ ಇಳಿಜಾರು ನೀಲಿಯೋ ಕೆಂಪೋ ಕಪ್ಪೋ ಒಂದನ್ನೂ ವಿಚಾರಿಸದೆ, ಅನ್ನಟ್ಟಿನ ತೀರದವರೆಗೂ ಇಬ್ಬರೂ ಓಡಿದೆವು.