ಆರಿದ್ರಾ ಮಳೆಯ ದಿನ ಆರಿದ್ರಾ ಎಲ್ಲಿರುತ್ತದೆ?

ಜೂನ್ ತಿಂಗಳ ಕೊನೆಯ ವಾರ. ಮೂರು ದಿನ ಬಿಡದೆ ಸುರಿದ ಮಳೆ ಆ ಸಂಜೆ ಹೊಳವಾಗಿತ್ತು. ಮೋಡ ಹರಿದು ಆಕಾಶ ತೊಳೆದಿಟ್ಟಂತೆ ಕಾಣುತ್ತಿತ್ತು. ಊರ ವಾಚನಾಲಯದ ಜಗಲಿಯ ಮೇಲೆ ಕುಳಿತಿದ್ದವರಲ್ಲಿ ಒಬ್ಬ ಹುಡುಗ ಕೇಳಿದ: "ಇದು ಆರಿದ್ರಾ ಮಳೆ ಅಂತೀರಲ್ಲ, ಆ ಆರಿದ್ರಾ ನಕ್ಷತ್ರ ಯಾವುದು ತೋರಿಸಿ ನೋಡೋಣ." ನಾಲ್ಕು ಪುಸ್ತಕ ಓದಿದವನೆಂಬ ಹೆಸರು ನನಗಿತ್ತು. ಆರಿದ್ರಾ ಕೆಂಪು ನಕ್ಷತ್ರ ಎಂಬುದಷ್ಟೇ ನೆನಪಿತ್ತು. ಆಗ್ನೇಯ ದಿಕ್ಕಿನಲ್ಲಿ ಕೆಂಪಗೆ ಮಿನುಗುತ್ತಿದ್ದ ಒಂದನ್ನು ತೋರಿಸಿ "ಅದೇ" ಎಂದುಬಿಟ್ಟೆ.

ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕರೊಬ್ಬರು ನಕ್ಕರು. "ಅದು ಜ್ಯೇಷ್ಠಾ. ಆರಿದ್ರಾ ಮಳೆಯಲ್ಲಿ ಆರಿದ್ರಾ ಕಂಡೀತೇನಪ್ಪ? ಅದು ಈಗ ಸೂರ್ಯನ ಮಗ್ಗುಲಲ್ಲಿದೆ. ನೋಡಬೇಕಾದರೆ ಕಣ ಕಾಯುವ ಕಾಲಕ್ಕೆ ಬಾ" ಎಂದರು.

ಅಂದು ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಆದರೆ ಆ ಮುದುಕರ ಮಾತಿನಲ್ಲಿ ನಮ್ಮ ಮಳೆ ನಕ್ಷತ್ರಗಳ ಲೆಕ್ಕವೆಲ್ಲ ಅಡಗಿತ್ತು. ರೈತ ಬಾಂಧವರು ದಿನವೂ ಬಳಸುವ ಲೆಕ್ಕವದು. ಬಳಸುವ ನಮ್ಮಲ್ಲಿ ಎಷ್ಟು ಮಂದಿ ಆ ನಕ್ಷತ್ರವನ್ನು ಕಣ್ಣಾರೆ ಕಂಡಿದ್ದೇವೆ?

ಸೂರ್ಯನು ಆಕಾಶದಲ್ಲಿ ಸುತ್ತುವ ದಾರಿಯನ್ನು ನಮ್ಮ ಹಿರಿಯರು 27 ನಕ್ಷತ್ರಗಳಿಗೆ ಹಂಚಿದರು. ವರ್ಷದ 365 ದಿನಗಳನ್ನು 27ರಿಂದ ಭಾಗಿಸಿದರೆ ಒಂದೊಂದು ನಕ್ಷತ್ರದ ಪಾಲಿಗೆ ಹದಿಮೂರೂವರೆ ದಿನ ಬರುತ್ತದೆ. ಸೂರ್ಯನು ರೋಹಿಣಿಯ ಪಾಲಿನಲ್ಲಿರುವ ದಿನಗಳಲ್ಲಿ ಬಿದ್ದದ್ದು ರೋಹಿಣಿ ಮಳೆ. ಆಮೇಲೆ ಮೃಗಶಿರಾ. ಜೂನ್ 22ರ ಹೊತ್ತಿಗೆ ಆರಿದ್ರಾ ಹುಟ್ಟಿ, ಜುಲೈ ಮೊದಲ ವಾರದಲ್ಲಿ ಪುನರ್ವಸುವಿಗೆ ಎಡೆ ಬಿಡುತ್ತದೆ. ಸೂರ್ಯ ನಿಂತ ಕಡೆಯ ನಕ್ಷತ್ರ ಹಗಲಿನಲ್ಲಿ ಅವನೊಂದಿಗೇ ಹುಟ್ಟಿ ಅವನೊಂದಿಗೇ ಮುಳುಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಯಾವ ಮಳೆಗೆ ಯಾವ ನಕ್ಷತ್ರದ ಹೆಸರೋ, ಆ ಮಳೆಯಲ್ಲಿ ಆ ನಕ್ಷತ್ರವೊಂದನ್ನು ಮಾತ್ರ ನಾವು ನೋಡಲಾರೆವು.

ಹಾಗಾದರೆ ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆಂದು ತಿಳಿದದ್ದು ಹೇಗೆ? ಸಂಜೆ ಸೂರ್ಯ ಮುಳುಗಿದ ಕಡೆ ಕೊನೆಯದಾಗಿ ಕಂಡು ಮರೆಯಾದದ್ದು ಯಾವುದು, ನಸುಕಿನಲ್ಲಿ ಮೂಡಲಲ್ಲಿ ಹೊಸದಾಗಿ ಕಾಣಿಸಿಕೊಂಡದ್ದು ಯಾವುದು ಎಂದು ನೋಡಿದರು. ಎರಡರ ನಡುವೆ ಸೂರ್ಯನಿರಲೇಬೇಕು. ಚಂದ್ರನೂ ನೆರವಾದ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರಿಗಿರುತ್ತಾನೆ. ಜ್ಯೇಷ್ಠ ಮಾಸದ ಹುಣ್ಣಿಮೆಗೆ ಚಂದ್ರ ಜ್ಯೇಷ್ಠಾ ನಕ್ಷತ್ರದ ಆಸುಪಾಸಿನಲ್ಲಿದ್ದರೆ, ಸೂರ್ಯ ಆ ಬದಿಯಲ್ಲಿ ರೋಹಿಣಿ, ಮೃಗಶಿರಾಗಳ ಕಡೆ ಇರುತ್ತಾನೆ. ಮಾರ್ಗಶಿರ ಮಾಸಕ್ಕೆ ಆ ಹೆಸರು ಬಂದದ್ದೂ ಆ ಹುಣ್ಣಿಮೆಯ ಚಂದ್ರ ಮೃಗಶಿರಾದ ಬಳಿ ಇರುವುದರಿಂದಲೇ. ಚಂದ್ರ ಈ 27 ಮನೆಗಳನ್ನೂ 27 ದಿನ ಎಂಟು ಗಂಟೆಯೊಳಗೆ ಸುತ್ತಿ ಮುಗಿಸುತ್ತಾನೆ. ಸೂರ್ಯನಿಗೆ ಒಂದು ವರ್ಷ ಬೇಕು. ಒಂದೇ ಗಡಿಯಾರಕ್ಕೆ ಎರಡು ಮುಳ್ಳು ಎನ್ನಿ.

ಕೆಂಪು ಕೆಂಡ, ಒದ್ದೆ ಹೆಸರು

ಮುದುಕರ ಮಾತಿನಂತೆ ಕಣದ ಕಾಲಕ್ಕೆ ಹೋಗಿ ನೋಡಿದೆ. ಡಿಸೆಂಬರ್ ಕೊನೆ. ರಾಗಿ ಮೆದೆಯ ಪಕ್ಕ ಕಂಬಳಿ ಹೊದ್ದು ಕುಳಿತಿದ್ದೆವು. ಹೊತ್ತು ಮುಳುಗಿ ಎರಡು ತಾಸಾದ ಮೇಲೆ ಮೂಡಲಲ್ಲಿ ಮೂರು ನಕ್ಷತ್ರಗಳು ಕೂರಿಗೆಯ ತಾಳುಗಳಂತೆ ಸಮಾನ ಅಂತರದಲ್ಲಿ, ಒಂದೇ ಸಾಲಿನಲ್ಲಿ ನಿಂತಿದ್ದವು. ಅವನ್ನು ನೋಡದ ರೈತನಿಲ್ಲ. ಆ ಮೂರರ ಎಡಗಡೆಗೆ, ಎಂದರೆ ಉತ್ತರಕ್ಕೆ, ಕೆಂಪಗೆ ಉರಿಯುವುದೇ ಆರಿದ್ರಾ. ಬಲಗಡೆಗೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ಇನ್ನೊಂದು ದೊಡ್ಡ ನಕ್ಷತ್ರವಿದೆ. ಒಂದರ ಬಣ್ಣ ಇನ್ನೊಂದನ್ನು ಎತ್ತಿ ತೋರಿಸುವಂತಿದೆ. ನಡುರಾತ್ರಿಗೆ ಆರಿದ್ರಾ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಸ್ವಲ್ಪ ದಕ್ಷಿಣಕ್ಕೆ ಬಂದು ನಿಲ್ಲುತ್ತದೆ.

ಕೆಂಪು ಎಂದರೆ ಬಿಸಿ ಹೆಚ್ಚು ಎಂದು ತಿಳಿಯಬೇಡಿ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದರೆ ಹಳದಿಯಾಗಿ, ಬೆಳ್ಳಗಾಗುವುದಿಲ್ಲವೇ? ನಕ್ಷತ್ರಗಳದ್ದೂ ಅದೇ ರೀತಿ. ನಮ್ಮ ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾದಿದ್ದರೆ ಆರಿದ್ರಾದ್ದು 3,300ರ ಆಸುಪಾಸು. ಬಿಸಿ ಕಡಿಮೆಯಾದರೂ ಗಾತ್ರ ಮಾತ್ರ ಭಯ ಹುಟ್ಟಿಸುವಂಥದು. ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ ಬುಧ, ಶುಕ್ರ, ನಮ್ಮ ಭೂಮಿ, ಕುಜ ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತವೆ. ಸೂರ್ಯನನ್ನು ಬಿಟ್ಟರೆ ಮನುಷ್ಯನು ಅಡ್ಡಳತೆ ಅಳೆದ ಮೊದಲ ನಕ್ಷತ್ರವೂ ಇದೇ. 1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ 100 ಅಂಗುಲದ ದೂರದರ್ಶಕದಿಂದ ಮೈಕೆಲ್‌ಸನ್ ಮತ್ತು ಪೀಸ್ ಎಂಬ ವಿಜ್ಞಾನಿಗಳು ಅದನ್ನು ಅಳೆದರು. ಪಶ್ಚಿಮದವರು ಇದನ್ನು ಬೀಟಲ್‌ಜ್ಯೂಸ್ ಎನ್ನುತ್ತಾರೆ.

ಇಂದು ರಾತ್ರಿ ನಮ್ಮ ಕಣ್ಣಿಗೆ ತಾಗುವ ಆರಿದ್ರಾದ ಬೆಳಕು ಅಲ್ಲಿಂದ ಹೊರಟು 500ಕ್ಕೂ ಹೆಚ್ಚು ವರ್ಷಗಳಾಗಿವೆ. ವಿಜಯನಗರದ ಅರಸರು ಕೆರೆ ಕಾಲುವೆ ಕಟ್ಟಿಸುತ್ತಿದ್ದ ಕಾಲದ ಬೆಳಕು ಎಂದರೆ ಹೆಚ್ಚು ತಪ್ಪಾಗಲಾರದು. ಸಂಸ್ಕೃತದಲ್ಲಿ ಆರ್ದ್ರಾ ಎಂದರೆ ಒದ್ದೆಯಾದದ್ದು. ಕೆಂಡದಂಥ ನಕ್ಷತ್ರಕ್ಕೆ ಒದ್ದೆ ಎಂಬ ಹೆಸರು! ಮಳೆಯ ನೆನಪಿಲ್ಲದೆ ಇಂಥ ಹೆಸರು ಯಾರಿಗೂ ಹೊಳೆಯಲಾರದೆಂದು ನನಗನ್ನಿಸುತ್ತದೆ.

2019ರ ಚಳಿಗಾಲದಲ್ಲಿ ಈ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಗತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ ಬೆಳಕು ಎಂದಿನ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದಿತ್ತು. ಯಾವ ಸಾಧನವೂ ಬೇಡ, ಬರಿಗಣ್ಣಿಗೇ ವ್ಯತ್ಯಾಸ ತಿಳಿಯುತ್ತಿತ್ತು. ಸಿಡಿಯುವ ಮುನ್ಸೂಚನೆ ಇರಬಹುದೇ ಎಂದು ಜಗತ್ತಿನಾದ್ಯಂತ ಗುಲ್ಲೆದ್ದಿತು. ವಿಚಾರಿಸಿ ನೋಡಿದಾಗ, ನಕ್ಷತ್ರವು ಕಾರಿದ ಅನಿಲ ತಣ್ಣಗಾಗಿ ಧೂಳುಗಟ್ಟಿ ಅದರ ಮುಖಕ್ಕೇ ಮರೆಯಾಗಿತ್ತು. ವಸಂತದ ಹೊತ್ತಿಗೆ ಮತ್ತೆ ಮೊದಲಿನಂತೆ ಹೊಳೆಯಿತು. ಆದರೂ ಅದರ ಮುಪ್ಪು ನಿಜ. ಮುಂದಿನ ಒಂದು ಲಕ್ಷ ವರ್ಷಗಳೊಳಗೆ ಎಂದಾದರೂ ಅದು ಸಿಡಿಯುತ್ತದೆಂದು ಬಲ್ಲವರ ಅಂದಾಜು. ಸಿಡಿದರೆ ಹಗಲಿನಲ್ಲೂ ಕಾಣುವುದು ಖಂಡಿತ. ಆಕಾಶದ ಅದೇ ಭಾಗದಲ್ಲಿ, ರೋಹಿಣಿಗೂ ಆರಿದ್ರಾಕ್ಕೂ ನಡುವೆ, 1054ರಲ್ಲಿ ಬೇರೊಂದು ನಕ್ಷತ್ರ ಸಿಡಿದಾಗ 23 ದಿನ ಹಗಲಿನಲ್ಲಿ ಕಂಡಿತೆಂದು ಚೀನಿಯರು ಬರೆದಿಟ್ಟಿದ್ದಾರೆ.

ಜರುಗುತ್ತಿರುವ ಗಡಿಯಾರ

ಇನ್ನು ಬಿತ್ತನೆಯ ಮಾತಿಗೆ ಬರೋಣ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂಬ ಗಾದೆಯನ್ನು ಕೇಳದ ಊರಿಲ್ಲ. ನಕ್ಷತ್ರ ಮಳೆ ತರುವುದಿಲ್ಲ. ಬಸ್ ನಿಲ್ದಾಣದ ಗಡಿಯಾರ ಬಸ್ಸನ್ನು ಕರೆತಾರದು. ಬಸ್ಸು ಬರಬೇಕಾದ ಹೊತ್ತನ್ನಷ್ಟೇ ಹೇಳುತ್ತದೆ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಎರಡರ ನಡುವೆ ಎರಡು ವಾರದ ಅಂತರ, ಎಂದರೆ ಒಂದು ಇಡೀ ಮಳೆ ನಕ್ಷತ್ರದಷ್ಟು. ಆರಿದ್ರಾ ಮಾತ್ರ ಎರಡು ವರ್ಷವೂ ಜೂನ್ 22ರ ಸುಮಾರಿಗೇ ಹುಟ್ಟಿತು. ಮಳೆಯ ವಾಹನ ಕಪ್ಪೆಯೋ, ಕತ್ತೆಯೋ, ಆನೆಯೋ ಎಂದು ಪಂಚಾಂಗ ಬಿಡಿಸಿ ವಾದಿಸುವುದು ಜಗಲಿಯ ಮೇಲೆ ಹೊತ್ತು ಕಳೆಯಲು ಚೆನ್ನ. ಬೀಜ ಭೂಮಿಗೆ ಹಾಕುವ ಮುಂಚೆ ಮಾತ್ರ ಹದ ಎಷ್ಟು ಗೇಣು ಇಳಿದಿದೆ ಎಂದು ಮಣ್ಣು ಬಗೆದು ನೋಡಬೇಕು. ರೇಡಿಯೋದ ಹವಾಮಾನ ವರದಿಗೂ ಕಿವಿಗೊಡಬೇಕು.

ಈ ಗಡಿಯಾರವೂ ನಿಂತಲ್ಲಿ ನಿಂತಿಲ್ಲ ಎಂಬ ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಬುಗುರಿ ಸುತ್ತುವಾಗ ತಲೆ ತೂಗುವಂತೆ ಭೂಮಿಯ ಅಕ್ಷವೂ ತೂಗುತ್ತದೆ. ಒಂದು ತೂಗಾಟಕ್ಕೆ ಸುಮಾರು 26,000 ವರ್ಷ. ಇದರಿಂದಾಗಿ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ. ವರ್ಷಕ್ಕೆ 20 ನಿಮಿಷ ಏನು ಮಹಾ ಎನ್ನಬೇಡಿ. 72 ವರ್ಷಕ್ಕೆ ಒಂದು ದಿನವಾಯಿತು. ಉತ್ತರಾಯಣ ನಿಜವಾಗಿ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ಹಬ್ಬ ಹಿಂದುಳಿಯಲು ಕಾರಣ ಇದೇ ಜರುಗಾಟ. ಆರನೆಯ ಶತಮಾನದ ವರಾಹಮಿಹಿರ ತನ್ನ ಕಾಲದಲ್ಲಿ ದಕ್ಷಿಣಾಯನ ಕರ್ಕಾಟಕದ ಮೊದಲಿಗೆ ತಿರುಗುತ್ತದೆಂದು ಬರೆದ. ಈಗ ಅದು ತಿರುಗುವುದು ಹೆಚ್ಚುಕಡಿಮೆ ಆರಿದ್ರಾ ಹುಟ್ಟುವ ದಿನ.

ಆ ಲೆಕ್ಕ ಹಿಡಿದರೆ ವರಾಹಮಿಹಿರನ ಕಾಲದ ಆರಿದ್ರಾ ಇಂದಿನ ಮೇ ಕೊನೆಯ ದಿನಗಳ ಹವೆಯಲ್ಲಿ, ಮುಂಗಾರು ಕಾಲಿಡುವ ಹೊತ್ತಿಗೇ ಹುಟ್ಟುತ್ತಿತ್ತು. 500 ವರ್ಷ ಹಳೆಯ ಗಾದೆಯಾದರೆ ಒಂದು ವಾರ ಜರುಗಿದೆ. ಅಜ್ಜನ ಮಾತಾದರೆ ಒಂದು ದಿನವೂ ಇಲ್ಲ. ಅಜ್ಜ ಹೇಳಿದ ಹೊತ್ತಿಗೆ ಮಳೆ ಬರಲಿಲ್ಲವೆಂದರೆ ತಪ್ಪು ನಕ್ಷತ್ರದ್ದಲ್ಲ, ಬೇರೆ ಕಡೆ ಹುಡುಕಬೇಕು. ಇನ್ನು 1,500 ವರ್ಷ ಕಳೆದರೆ ಮಾತ್ರ ಆರಿದ್ರಾ ಹುಟ್ಟುವುದು ಇಂದಿನ ಪುನರ್ವಸುವಿನ ನಡುವೆ, ಜುಲೈ ನಡುವಿಗೆ. ಆಗಿನವರು ಗಾದೆಯನ್ನು ಹೇಗೆ ತಿದ್ದಿಕೊಳ್ಳುವರೋ!

ನೋಡಬಯಸುವವರು ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದರೆ ಸಾಕು. ಕೆಲವೊಮ್ಮೆ ಕುಜನೂ ಆ ದಾರಿಯಲ್ಲಿ ಬಂದು ಕಣ್ಣಿಗೆ ಮೋಸ ಮಾಡುವುದುಂಟು. ಕುಜ ಮಿನುಗುವುದಿಲ್ಲ, ವಾರ ಕಳೆದರೆ ಜಾಗ ಬದಲಿಸಿರುತ್ತಾನೆ. ಆರಿದ್ರಾ ಮಿನುಗುತ್ತದೆ, ಮೂರು ನಕ್ಷತ್ರಗಳ ಸಾಲನ್ನು ಬಿಟ್ಟು ಕದಲುವುದಿಲ್ಲ. ಮಾರ್ಚ್ ದಾಟಿದ ಮೇಲೆ ಅದು ಸಂಜೆಯ ಪಡುವಣಕ್ಕೆ ಇಳಿಯುತ್ತದೆ, ಮೇ ತಿಂಗಳಲ್ಲಿ ದಿನದಿನಕ್ಕೆ ಸೂರ್ಯನ ಹತ್ತಿರ ಸರಿಯುತ್ತದೆ. ಒಂದು ಸಂಜೆ ಹುಡುಕಿದರೆ ಸಿಕ್ಕುವುದಿಲ್ಲ. ಅಷ್ಟರಲ್ಲಿ ನಮ್ಮ ಕಡೆ ಕೂರಿಗೆ ಹೊರಗೆ ಬಂದಿರುತ್ತದೆ.