ವಿಹಾರ ದೋಣಿಯ ಹೊಗೆಗೊಂದು ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ವಿದ್ಯಾರ್ಥಿಗಳಿಗೆ ಸಮುದ್ರದರ್ಶನವಾಗುವುದು ಬಹುಮಟ್ಟಿಗೆ ಪ್ರವಾಸಕಾಲದಲ್ಲಿಯೇ. ಉಡುಪಿಗೆ ಹೋದವರು ಮಲ್ಪೆಯಲ್ಲಿ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರುವುದುಂಟು. ಅಲ್ಲಿನ ಕಂಬದಾಕಾರದ ಶಿಲೆಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ದೋಣಿಯ ಯಂತ್ರವು ಉಗುಳಿದ ಹೊಗೆಯನ್ನು ನೆನೆಯುವವರು ವಿರಳ. ಕಣ್ಣಿಗೆ ಮರೆಯಾದ ಮಾತ್ರಕ್ಕೆ ಹೊಗೆಯು ಇಲ್ಲವಾಗುವುದಿಲ್ಲ. ಹಾಗಾದರೆ ಅದರ ಪ್ರಮಾಣವನ್ನು ಅರಿಯುವ ಬಗೆ ಹೇಗೆ?

ಪ್ರತಿಯೊಂದು ದೋಣಿಗೂ ಮಾಪಕವನ್ನು ಜೋಡಿಸುವುದು ಸಾಧ್ಯವಿಲ್ಲ. ಆದುದರಿಂದ ಒಂದೊಂದು ಬಗೆಯ ಯಂತ್ರವನ್ನು ಪ್ರಯೋಗಶಾಲೆಯಲ್ಲಿ ನಡೆಸಿ, ಇಷ್ಟು ಕೆಲಸಕ್ಕೆ ಇಷ್ಟು ಗ್ರಾಂ ಮಾಲಿನ್ಯವೆಂದು ಮೊದಲೇ ಕಂಡುಕೊಳ್ಳುತ್ತಾರೆ. ಈ ಗುಣಾಂಕವನ್ನು ದೋಣಿಗಳ ಸಂಖ್ಯೆ, ಓಡಿದ ಗಂಟೆಗಳು, ಯಂತ್ರದ ಶಕ್ತಿ ಹಾಗೂ ಆ ಶಕ್ತಿಯಲ್ಲಿ ನಿಜವಾಗಿ ಬಳಕೆಯಾದ ಭಾಗ, ಇವುಗಳಿಂದ ಗುಣಿಸಿದರೆ ಅಂದಾಜು ದೊರೆಯುತ್ತದೆ.

ಇಂಗಾಲದ ಡೈಆಕ್ಸೈಡಿನ ಲೆಕ್ಕ ಇನ್ನೂ ಸರಳ. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 0.83 ಕಿಲೋಗ್ರಾಂ, ಅದರಲ್ಲಿ ಶೇಕಡಾ 86ರಷ್ಟು ಇಂಗಾಲ. 12 ಭಾಗ ಇಂಗಾಲವು 32 ಭಾಗ ಆಮ್ಲಜನಕದೊಡನೆ ಕೂಡಿ 44 ಭಾಗವಾಗುವುದರಿಂದ, ಲೀಟರಿಗೆ ಸುಮಾರು 2.6 ಕಿಲೋಗ್ರಾಂ ಅನಿಲ ಹೊರಬೀಳುತ್ತದೆ. 10 ದೋಣಿಗಳು ದಿನಕ್ಕೆ ತಲಾ 3 ಗಂಟೆ ಓಡಿ, ಗಂಟೆಗೆ 8 ಲೀಟರ್ ಸುಟ್ಟವೆಂದಿಟ್ಟುಕೊಂಡರೆ, 240 ಲೀಟರಿಗೆ 624 ಕಿಲೋಗ್ರಾಂ ಆಯಿತು.

ಉಳಿದ ಮಾಲಿನ್ಯಗಳು ಇಂಧನದ ಅಳತೆಯೊಂದಕ್ಕೇ ಒಗ್ಗುವುದಿಲ್ಲ. ಗಂಧಕದ ಆಕ್ಸೈಡು ಇಂಧನದ ಗುಣವನ್ನು ಅವಲಂಬಿಸಿದರೆ, ಸಾರಜನಕದ ಆಕ್ಸೈಡುಗಳು ಯಂತ್ರದ ಕಾವಿನಲ್ಲಿ ಗಾಳಿಯಿಂದಲೇ ಹುಟ್ಟುತ್ತವೆ. ಮಸಿ ಮತ್ತು ಇಂಗಾಲದ ಮಾನಾಕ್ಸೈಡು ಅಪೂರ್ಣ ದಹನದ ಫಲ. ಹಳೆಯ ಮಾದರಿಯ ಎರಡು ಹೊಡೆತದ ಪೆಟ್ರೋಲ್ ಯಂತ್ರಗಳಲ್ಲಂತೂ ಇಂಧನದ ಕಾಲುಭಾಗದಷ್ಟು ಸುಡದೆಯೇ ಹೊರಹೋಗಬಲ್ಲದು. ಆದಕಾರಣ ಚಿಕ್ಕ ಯಂತ್ರದ ಹೊಗೆ ಚಿಕ್ಕದೆಂದು ಭಾವಿಸುವುದು ತಪ್ಪು.

ಈ ಲೆಕ್ಕದ ನಿಜವಾದ ತೊಡಕು ಗುಣಾಕಾರದಲ್ಲಿಲ್ಲ, ಎಣಿಕೆಯಲ್ಲಿದೆ. ದೋಣಿ ಎಷ್ಟು ಸಲ ಹೋಗಿಬಂದಿತೆಂಬುದನ್ನು ಟಿಕೇಟಿನ ಪುಸ್ತಕ ತಿಳಿಸೀತು. ಜನರು ಹತ್ತುವವರೆಗೆ ದಡದಲ್ಲಿ ಯಂತ್ರವು ಎಷ್ಟು ಹೊತ್ತು ಸುಮ್ಮನೆ ಉರಿಯಿತೆಂಬುದನ್ನು ತಿಳಿಸಲಾರದು. ಹಗಲಿನಲ್ಲಿ ಕಡಲಗಾಳಿ ಭೂಮಿಯತ್ತ ಬೀಸುವುದರಿಂದ ಆ ಹೊಗೆ ದಡದ ಕಡೆಗೇ ಸಾಗುತ್ತದೆ. ಪ್ರವಾಸಿಗನು ಅದನ್ನು ಅರ್ಧ ಗಂಟೆ ಸೇವಿಸಿದರೆ, ದೋಣಿಯ ಕೆಲಸಗಾರನು ದಿನವಿಡೀ ಸೇವಿಸುತ್ತಾನೆ. ಲೆಕ್ಕದಲ್ಲಿ ಬಿಟ್ಟುಹೋಗುವುದು ಅವನ ಉಸಿರೇ.

ಕಾನೂನಿನ ದೃಷ್ಟಿಯೂ ದೊಡ್ಡ ಯಂತ್ರಗಳ ಮೇಲೆಯೇ ಹೆಚ್ಚು. 2005ರಲ್ಲಿ ಜಾರಿಗೆ ಬಂದ, ಹಡಗುಗಳ ವಾಯುಮಾಲಿನ್ಯವನ್ನು ಕುರಿತ ಅಂತಾರಾಷ್ಟ್ರೀಯ ನಿಯಮದಲ್ಲಿ ಸಾರಜನಕದ ಆಕ್ಸೈಡುಗಳ ಮಿತಿಯು 130 ಕಿಲೋವಾಟಿಗೆ ಮೀರಿದ ಡೀಸೆಲ್ ಯಂತ್ರಗಳಿಗೆ ಅನ್ವಯಿಸುತ್ತದೆ. 2020ರ ಏಪ್ರಿಲ್‌ನಿಂದ ಭಾರತದಲ್ಲಿ ಜಾರಿಯಾದ ಬಿಎಸ್-6 ಮಿತಿಗಳು ರಸ್ತೆಯ ವಾಹನಗಳಿಗೆ ಸಂಬಂಧಿಸಿದವು. ಆದ್ದರಿಂದ ಸಣ್ಣ ದೋಣಿಗಳ ವಿಷಯದಲ್ಲಿ ಸ್ಥಳೀಯ ಎಣಿಕೆಗೆ ವಿಶೇಷ ಮಹತ್ವವುಂಟು.

ಈ ಗಣಿತಕ್ಕೆ ಕಡಲೇ ಬೇಕೆಂದಿಲ್ಲ. ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ ಡೀಸೆಲ್ ಪಂಪು ನಡೆಯುವೆಡೆಯಲ್ಲಿ, ಗದಗಿನ ಬಸ್ ನಿಲ್ದಾಣದಲ್ಲಿ, ಲಕ್ಷ್ಮೇಶ್ವರದ ಪೇಟೆಯಲ್ಲಿ ಇದೇ ಗುಣಾಕಾರ ಸಲ್ಲುತ್ತದೆ. ಒಂದು ಗಡಿಯಾರ, ಒಂದು ನೋಟುಬುಕ್ಕು, ನಿಂತಲ್ಲಿ ಉರಿಯುವ ಯಂತ್ರವನ್ನೂ ಬಿಡದೆ ಬರೆದುಕೊಳ್ಳುವ ತಾಳ್ಮೆ, ಇಷ್ಟಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಆರಂಭಿಸಬಲ್ಲನು.